ಹುಲ್ಲಗುಡ್ಡದಿಂದ ನಾನು ಎಬ್ಬಿಸಿದ ಹದಿನಾಲ್ಕು ಮನೆಗಳು

ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ಕೆಲವೊಮ್ಮೆ ವಿಜಾಪುರದ ನಮ್ಮ ಮನೆಗೆ ಬಂದು ಕೂರುತ್ತಾರೆ. ಯಾವ ಕಾಡಿನಲ್ಲಿ ಕೆಲಸ ಮಾಡಿದಿರಿ ಎಂದು ಕೇಳುತ್ತಾರೆ. ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ, ಇಂಡಿ ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. ಅಲ್ಲಿ ಕಾಡೆಲ್ಲಿದೆ ಎಂಬುದು ಅವರ ಪ್ರಶ್ನೆ. ಅವರನ್ನು ನಾನು ಬೈಯುವುದಿಲ್ಲ. ಇಪ್ಪತ್ಮೂರನೆಯ ವಯಸ್ಸಿನಲ್ಲಿ, ಫಾರೆಸ್ಟರನ ಹೊಸ ಖಾಕಿ ಹಾಕಿಕೊಂಡು ಮುದ್ದೇಬಿಹಾಳದಲ್ಲಿ ಬಸ್ಸಿನಿಂದ ಇಳಿದಾಗ ನಾನೂ ಅದನ್ನೇ ಕೇಳಿದ್ದೆ. ಉತ್ತರ ಸಿಗಲು ಏಳೆಂಟು ವರ್ಷ ಹಿಡಿಯಿತು. ಅದನ್ನು ಕೊಟ್ಟವರು ನನ್ನ ಮೇಲಧಿಕಾರಿಗಳಲ್ಲ, ನಾನೇ ನಿಂತು ಜಾಗ ಬಿಡಿಸಿದ ಜನ. ಆ ಸಂಗತಿಯನ್ನು ಮುಚ್ಚಿಟ್ಟು ನನ್ನ ಕೆಲಸದ ಬಗ್ಗೆ ಬರೆದರೆ ಅದು ಅರ್ಧ ಸುಳ್ಳಾಗುತ್ತದೆ.

ಅದಕ್ಕೂ ಮೊದಲು ನಮ್ಮಪ್ಪನ ವಿಷಯ ಒಂದೆರಡು ಮಾತು ಹೇಳಬೇಕು. ಅವನು ಒಂದು ಮಿಶನ್ ಆಸ್ಪತ್ರೆಯ ಕಾಂಪೌಂಡಿನಲ್ಲಿ ತೋಟಗಾರನಾಗಿದ್ದ. ಪ್ರತಿ ಭಾನುವಾರ ಪ್ರಾರ್ಥನೆ ಮುಗಿಸಿ ಬಂದ ಮೇಲೆ ಬಿಳಿ ಅಂಗಿ ಕಳಚಿಟ್ಟು ತೋಟದಲ್ಲಿ ಒಂದು ಸುತ್ತು ಹಾಕುತ್ತಿದ್ದ. ತೋಟ ನನ್ನದಲ್ಲ, ಆಸ್ಪತ್ರೆಯವರದೂ ಅಲ್ಲ, ಒಡೆಯ ಬೇರೆ ಇದ್ದಾನೆ, ನಾವು ಬರೀ ಮನೆವಾರ್ತೆಯವರು ಎನ್ನುತ್ತಿದ್ದ. ಒಡೆಯ ಊರಿಗೆ ಹೋಗಿ ತಿರುಗಿ ಬರುವ ತನಕ ಮನೆ ನೋಡಿಕೊಳ್ಳುವ ಆಳು ಎಂಬ ಅರ್ಥದಲ್ಲಿ ನಮ್ಮ ಸಭೆಗಳಲ್ಲಿ ಬಳಸುವ ಮಾತು ಅದು. ನಾನು ಅರಣ್ಯ ಇಲಾಖೆ ಸೇರಿದಾಗ ಅಪ್ಪನಿಗೆ ಬಹಳ ಸಂತೋಷವಾಯಿತು. ನನಗೆ ಸಿಕ್ಕಿದ್ದಕ್ಕಿಂತ ದೊಡ್ಡ ತೋಟ ಸಿಕ್ಕಿತು ನಿನಗೆ ಎಂದ. ಆ ತೋಟದಲ್ಲಿ ಮನುಷ್ಯರೂ ಇರುತ್ತಾರೆಂದು ನಾವಿಬ್ಬರೂ ಯೋಚಿಸಿರಲಿಲ್ಲ.

ನನ್ನ ರೇಂಜರ್ ಕುಲಕರ್ಣಿ ಎಂಬವರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಹಣೆಯ ಮೇಲೆ ಅಂಗಾರದ ಕಪ್ಪು ಗೆರೆ, ಏಕಾದಶಿಯ ದಿನ ನೀರನ್ನೂ ಮುಟ್ಟದೆ ಗುಡ್ಡ ಹತ್ತಿ ಇಳಿಯುವ ಗಟ್ಟಿ ಆಳು. ಕೈಕೆಳಗಿನವರು ಬರೆದದ್ದನ್ನು ಓದದೆ ಒಂದು ಸಹಿಯನ್ನೂ ಮಾಡುತ್ತಿರಲಿಲ್ಲ. ನನಗೆ ಅವರೆಂದರೆ ವಿಪರೀತ ಹೆದರಿಕೆ. ನಾನು ಬಂದ ಮೊದಲ ಬೇಸಿಗೆಯಲ್ಲೇ ಹುಲ್ಲಗುಡ್ಡದ ಇಳಿಜಾರನ್ನು ಬಂದೋಬಸ್ತು ಮಾಡಿ ಗಿಡ ಹಚ್ಚಬೇಕೆಂಬ ಆದೇಶ ಬಂತು. ಆ ಇಳಿಜಾರಿನ ಬುಡದಲ್ಲಿ ಹದಿನಾಲ್ಕು ಗುಡಿಸಲುಗಳಿದ್ದವು. ಎಲ್ಲವೂ ಹರಣಶಿಕಾರಿಗಳವು.

ಈ ಜನರ ಬಗ್ಗೆ ತಿಳಿಯದವರಿಗಾಗಿ ಹೇಳುತ್ತೇನೆ. ಚಿಗರಿ, ಮೊಲ, ಕೌಜುಗಗಳನ್ನು ಉರುಳು ಹಾಕಿ ಹಿಡಿದು, ಜೇನು, ಅಂಟು, ಬೇರು ಆಯ್ದು ತಲೆಮಾರುಗಳಿಂದ ಈ ಬಯಲಿನಲ್ಲಿ ಬದುಕಿದವರು. ಬ್ರಿಟಿಷರ ಕಾಲದಲ್ಲಿ ಕಾಯ್ದೆ ಮಾಡಿ ಇಡೀ ಜನಾಂಗಕ್ಕೇ ಕಳ್ಳರೆಂಬ ಹಣೆಪಟ್ಟಿ ಹಚ್ಚಿದರು. ಸ್ವಾತಂತ್ರ್ಯ ಬಂದ ಮೇಲೆ ಆ ಕಾಯ್ದೆ ಹೋಯಿತು, ಹಣೆಪಟ್ಟಿ ಹೋಗಲಿಲ್ಲ. ಮುಂದೆ ಬೇಟೆ ನಿಷೇಧದ ಹೊಸ ಕಾಯ್ದೆ ಬಂದಾಗ ಅವರ ಕಸುಬೂ ಅಪರಾಧವಾಯಿತು. ಕಾಯ್ದೆ ಬಂದ ಮೇಲೂ ಅವರು ಮೊಲಕ್ಕೆ ಉರುಳು ಹಾಕುತ್ತಿದ್ದರು, ಸುಳ್ಳೇಕೆ ಹೇಳಲಿ. ಆದರೆ ಗಬ್ಬದ ಚಿಗರಿಯನ್ನು ಅವರು ಎಂದೂ ಮುಟ್ಟುತ್ತಿರಲಿಲ್ಲ. ಸಿಕ್ಕರೆ ಉರುಳು ಬಿಚ್ಚಿ ಬಿಡುತ್ತಿದ್ದರು. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ನಾನು ನಾಲ್ಕು ಜನ ಗಾರ್ಡುಗಳನ್ನು ಕರೆದುಕೊಂಡು ಬೆಳಿಗ್ಗೆ ಹೋದೆ. ಗುಡಿಸಲಿನವರ ಪೈಕಿ ಹಿರಿಯಳು ದುರ್ಗವ್ವ ಎಂಬ ವಿಧವೆ. ಐವತ್ತು ದಾಟಿರಬಹುದು, ಎತ್ತರದ ಹೆಂಗಸು. ಆದೇಶ ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಎಲ್ಲಿಗಿ ಹೋಗಬೇಕಂತ ಬರದಾರ್ರಿ ಅದರಾಗ?" ಎಂದಳು. ಹಾಗೇನೂ ಬರೆದಿಲ್ಲ ಎಂದೆ. "ಹಂಗಾರ ಅದು ಅರ್ಧಾ ಕಾಗದ ಐತ್ರಿ," ಎಂದಳು.

ನಾನು ಸಿಟ್ಟಾದೆ. ಮಧ್ಯಾಹ್ನದೊಳಗೆ ಜಾಗ ಖಾಲಿಯಾಗಬೇಕೆಂದು ಗದರಿಸಿದೆ. ಅವರು ಜಗಳಕ್ಕೆ ಬರಲಿಲ್ಲ, ಅಳಲಿಲ್ಲ. ತಾವೇ ಗುಡಿಸಲು ಬಿಚ್ಚಿ, ಗಳ ಮತ್ತು ತಟ್ಟಿಗಳನ್ನು ಕತ್ತೆಗಳ ಮೇಲೆ ಹೇರಿದರು. ಎಲ್ಲರೂ ಹೊರಟ ಮೇಲೆ ದುರ್ಗವ್ವ ಒಬ್ಬಳೇ ಹಿಂದೆ ಉಳಿದು, ತನ್ನ ಗುಡಿಸಲಿದ್ದ ನೆಲವನ್ನು ಕಸಬರಿಗೆಯಿಂದ ಗುಡಿಸಿದಳು. ಇದೇಕೆ ಎಂದು ಗಾರ್ಡನೊಬ್ಬ ನಕ್ಕು ಕೇಳಿದಾಗ, ಇಷ್ಟು ವರ್ಷ ಮಲಗಿದ ನೆಲ ಎಂದಷ್ಟೇ ಹೇಳಿ ಹೋದಳು. ಆ ಸಂಜೆ ನನ್ನ ದಿನಚರಿ ಪುಸ್ತಕದಲ್ಲಿ ಶಾಂತಿಯುತವಾಗಿ ತೆರವುಗೊಳಿಸಲಾಯಿತು ಎಂದು ಬರೆದೆ. ಒಳ್ಳೆಯ ಅಕ್ಷರದಲ್ಲಿ ಬರೆದೆ. ಆ ಸಾಲಿನ ಬಗ್ಗೆ ಆಗ ನನಗೆ ಹೆಮ್ಮೆ ಇತ್ತು.

ಆಮೇಲೆ ಇಳಿಜಾರಿನ ತುಂಬ ಗುಂಡಿ ತೆಗೆಸಿದೆವು. ಹುಲ್ಲು ಕೆತ್ತಿಸಿದೆವು. ಮಳೆ ಬಿದ್ದ ಕೂಡಲೇ ನೀಲಗಿರಿ, ಬೇವು ಹಚ್ಚಿದೆವು. ಗುಡ್ಡದ ಮಣ್ಣು ಅಲ್ಲಿ ಒಂದು ಗೇಣೂ ಇಲ್ಲ, ಕೆಳಗೆಲ್ಲ ಹಾಸುಗಲ್ಲು. ಹುಲ್ಲಿನ ಬೇರು ಹಿಡಿದುಕೊಂಡಿದ್ದ ಮಣ್ಣು ಮೊದಲ ಜೋರು ಮಳೆಗೇ ಹಳ್ಳಕ್ಕೆ ಇಳಿಯಿತು. ಮುಂದಿನ ಬೇಸಿಗೆಗೆ ಗಿಡಗಳಿದ್ದಲ್ಲಿ ಕಡ್ಡಿಗಳು ನಿಂತಿದ್ದವು. ಅಲ್ಲಿ ಮೇಯುತ್ತಿದ್ದ ಚಿಗರಿಗಳು ಬಾಗೇವಾಡಿ ಕಡೆಯ ಹೊಲಗಳಿಗೆ ಸರಿದವು. ಎರೆಭೂತ ಎಂದು ನಮ್ಮ ಕಡೆ ಕರೆಯುವ ದೊಡ್ಡ ಹಕ್ಕಿ, ಆಳಿನ ಸೊಂಟದೆತ್ತರ ನಿಲ್ಲುವಂಥದು, ಕಾಣುವುದೇ ನಿಂತಿತು.

ಕುಲಕರ್ಣಿಯವರು ತಪಾಸಣೆಗೆ ಬಂದರು. ಬೈಯುತ್ತಾರೆಂದು ನಾನು ತಲೆ ತಗ್ಗಿಸಿ ನಿಂತಿದ್ದೆ. ಅವರು ಒಣಗಿದ ಒಂದು ಸಸಿಯನ್ನು ಕಿತ್ತು ಅದರ ಬೇರು ನೋಡಿದರು. ಗುಂಡಿ ತೆಗೆಯುವ ಮೊದಲು ಇಲ್ಲಿ ಏನೇನಿತ್ತು ಎಂದು ಕೇಳಿದರು. ಹುಲ್ಲು ಇತ್ತು ಎಂದೆ. ಯಾವ ಹುಲ್ಲು ಎಂದರು. ಅದು ನನಗೆ ಗೊತ್ತಿರಲಿಲ್ಲ. ಆಗ ಅವರು ಕಲ್ಲಿನ ಮೇಲೆ ಕುಳಿತು, "ತಪ್ಪು ನಿಂದೊಬ್ಬಂದಲ್ಲೋ ಸಮುವೇಲ. ಈ ನಕಾಶಕ್ಕ ಸಹಿ ಮಾಡಿದಾಂವ ನಾನಽ ಇದ್ದೇನಿ. ಓದಿ ಮಾಡಿದೆ, ನೋಡಿ ಮಾಡಲಿಲ್ಲ," ಎಂದರು. ಒಬ್ಬ ಮೇಲಧಿಕಾರಿ ಕೈಕೆಳಗಿನವನ ಮುಂದೆ ಹಾಗೆ ಹೇಳಬಹುದೆಂದು ನನಗೆ ಅಂದೇ ತಿಳಿದದ್ದು. ಅವರ ಮೇಲಿದ್ದ ಹೆದರಿಕೆ ಆ ದಿನ ಗೌರವವಾಯಿತು.

ಮರುವರ್ಷದ ಒಂದು ಪ್ರಕರಣ ನನ್ನ ಇಡೀ ನೌಕರಿಯನ್ನೇ ತಿರುಗಿಸಿತು. ಬಾಗೇವಾಡಿ ತಾಲೂಕಿನ ಒಂದು ಜೋಳದ ಹೊಲದಲ್ಲಿ ಸತ್ತ ಗಂಡು ಚಿಗರಿ ಸಿಕ್ಕಿತು. ಪೊಲೀಸರು ಆಗಲೇ ಒಬ್ಬನನ್ನು ಹಿಡಿದು ತಂದಿದ್ದರು. ಅವನ ಹೆಸರು ರಾಮಪ್ಪ, ದುರ್ಗವ್ವನ ಅಳಿಯ. ಸಂತೆಯಲ್ಲಿ ಜೇನು ಮಾರಲು ಬಂದವನು. ಅವನ ಜೋಳಿಗೆಯಲ್ಲಿ ಒಂದು ಹಳೆಯ ಉರುಳಿನ ಹಗ್ಗ ಸಿಕ್ಕಿತ್ತು, ಅದೇ ಸಾಕ್ಷಿ. ಅಪರಾಧಿ ಸಿಕ್ಕಿದ್ದಾನೆ, ಪಂಚನಾಮೆಗೆ ಫಾರೆಸ್ಟರ್ ಸಹಿ ಒಂದೇ ಬಾಕಿ ಎಂದು ಹೇಳಿ ನನ್ನನ್ನು ಕರೆಸಿದರು.

ನಾನು ಚಿಗರಿಯ ಹತ್ತಿರ ಕುಳಿತು ನೋಡಿದೆ. ಕೊರಳಿನಲ್ಲಿ ಉರುಳಿನ ಗುರುತಿಲ್ಲ. ಪಕ್ಕೆಯ ಕೂದಲು ಸರಿಸಿದರೆ ಬಂದೂಕಿನ ಛರ್ರೆಗುಂಡುಗಳ ತೂತುಗಳು ಕಂಡವು. ಹೊಲದ ಬದುವಿನ ಮೇಲೆ ಜೀಪಿನ ಗಾಲಿಯ ಅಚ್ಚು ಸ್ಪಷ್ಟವಾಗಿತ್ತು. ರಾಮಪ್ಪ ಬಂದೂಕನ್ನು ಹತ್ತಿರದಿಂದ ನೋಡಿದವನೂ ಅಲ್ಲ. ಜೀಪು ಯಾರದೆಂದು ಊರಿನವರಿಗೆಲ್ಲ ಗೊತ್ತಿತ್ತು, ಹೇಳುವವರು ಯಾರೂ ಇರಲಿಲ್ಲ. ಅಲ್ಲಿಗೆ ಬಂದಿದ್ದ ಒಬ್ಬ ದೊಡ್ಡ ಅಧಿಕಾರಿ ನನ್ನನ್ನು ಬದಿಗೆ ಕರೆದು, ನಿನ್ನ ನೌಕರಿ ಇನ್ನೂ ಖಾಯಂ ಆಗಿಲ್ಲ ಎಂಬುದನ್ನು ಮೆಲ್ಲಗೆ ನೆನಪಿಸಿದರು. ನಾಳೆ ಸಹಿ ಮಾಡುತ್ತೇನೆ ಎಂದು ಹೇಳಿ ತಪ್ಪಿಸಿಕೊಂಡು ಬಂದೆ. ನಾನು ಶೂರನಾಗಿರಲಿಲ್ಲ. ನಾನು ಬೇಡಿಕೊಂಡದ್ದು ಒಂದು ದಿನ ಮಾತ್ರ.

ಆ ದಿನವೇ ವಿಜಾಪುರಕ್ಕೆ ಹೋಗಿ ನಮ್ಮ ಸಭೆಯ ಪಾದ್ರಿಗಳನ್ನು ಕಂಡೆ. ಸಣ್ಣ ಆಳು, ದಪ್ಪ ಕನ್ನಡಕ, ಸೈಕಲ್ಲಿನ ಚೈನು ಸರಿ ಮಾಡುತ್ತ ಅಂಗಳದಲ್ಲಿ ಕುಳಿತಿದ್ದರು. ಪೂರ್ತಿ ಕೇಳಿಸಿಕೊಂಡರು. ನಾನು ಸಹಿಯ ಬಗ್ಗೆ ಉಪದೇಶ ಬರುತ್ತದೆಂದು ಕಾಯುತ್ತಿದ್ದೆ. ಅವರು ಆ ಜನ ಮೊದಲು ಎಲ್ಲಿದ್ದರು ಎಂದು ಕೇಳಿದರು. ಹುಲ್ಲಗುಡ್ಡದಲ್ಲಿ ಎಂದೆ. ಅಲ್ಲಿಂದ ಎಬ್ಬಿಸಿದವರು ಯಾರು ಎಂದರು. ನಾನೇ ಎಂದೆ. "ಸಹಿ ಮಾಡಬ್ಯಾಡ ಅಂತ ನಾ ಹೇಳೂದು ಬ್ಯಾಡ, ಅದು ನಿನಗ ಗೊತ್ತೈತಿ," ಎಂದರು ಪಾದ್ರಿಗಳು. "ಗೊತ್ತಿರಲಾರದ ಮಾತು ಕೇಳ್ತೇನಿ. ಆ ಜನದ ಮುಂದ ನಿಂತು ತಪ್ಪಾತು ಅಂತ ಅಂದೀಯೇನಪಾ?"

ಮರುದಿನ ನಾನು ಕಂಡದ್ದನ್ನೇ ಬರೆದೆ. ಛರ್ರೆ, ಗಾಲಿಯ ಅಚ್ಚು, ಕೊರಳಿನಲ್ಲಿ ಗುರುತಿಲ್ಲದ್ದು, ಎಲ್ಲ. ಈ ಸಲ ಅಕ್ಷರದ ಅಂದ ನೋಡಲಿಲ್ಲ. ಕುಲಕರ್ಣಿಯವರು ಅದನ್ನು ಎರಡು ಸಲ ಓದಿದರು. ಇದರಲ್ಲಿ ನೀನು ಕಣ್ಣಾರೆ ನೋಡದ್ದು ಏನಾದರೂ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಕೆಳಗೆ ತಮ್ಮ ಸಹಿ ಹಾಕಿ, "ನಿಮ್ಮ ದೇವ್ರು ನಮ್ಮ ದೇವ್ರು ಇಬ್ರೂ ನೋಡ್ಲಿಕ್ಕತ್ತಾರ, ಕಳಸು," ಎಂದರು. ರಾಮಪ್ಪನನ್ನು ಬಿಟ್ಟರು. ಜೀಪಿನವರಿಗೆ ಏನೂ ಆಗಲಿಲ್ಲ. ನನ್ನನ್ನು ಸಿಂದಗಿಗೆ ಎತ್ತಿಹಾಕಿದರು. ರಸ್ತೆ ಬದಿಯ ಗಿಡಗಳಿಗೆ ನೀರು ಹಾಕಿಸುವ ಕೆಲಸ. ಅದನ್ನು ಶಿಕ್ಷೆ ಎಂದುಕೊಂಡೇ ಕೊಟ್ಟರು. ಆ ವರ್ಗಾವಣೆಗೆ ನಾನು ಇಂದಿಗೂ ಕೃತಜ್ಞ. ಯಾಕೆಂದರೆ ಬಿಡುಗಡೆಯಾದ ದಿನ ರಾಮಪ್ಪ, ತಮ್ಮ ಜನ ಲಚ್ಯಾಣದ ಸ್ಟೇಷನ್ನಿನ ಆಚೆ ಇದ್ದಾರೆಂದು ಹೇಳಿದ್ದ. ಸಿಂದಗಿಯಿಂದ ಇಂಡಿ ತಾಲೂಕು ದೂರವಲ್ಲ.

ಆದರೂ ಹೋಗಲು ಮೂರು ತಿಂಗಳು ತೆಗೆದುಕೊಂಡೆ. ಬಿಸಿಲು, ಕೆಲಸ, ಬಸ್ಸಿಲ್ಲ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಕೊನೆಗೆ ಒಂದು ರಜೆಯ ದಿನ ಖಾಕಿ ಬಿಟ್ಟು ಬಿಳಿ ಅಂಗಿ ತೊಟ್ಟು ಹೊರಟೆ. ರೈಲು ಹಳಿಯ ಆಚೆ, ಕರಿ ಮಣ್ಣಿನ ಬಯಲಲ್ಲಿ, ಗೋಣಿತಟ್ಟು ಹೊದಿಸಿದ ಗುಡಿಸಲುಗಳಿದ್ದವು. ಎಣಿಸಿದೆ. ಹದಿನಾಲ್ಕು ಇರಲಿಲ್ಲ, ಹತ್ತು ಇದ್ದವು.

ದುರ್ಗವ್ವ ನನ್ನನ್ನು ನೋಡಿದ ಕೂಡಲೇ ಗುರುತಿಸಿದಳು. ಕುಳಿತುಕೋ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ನೆಲದ ಮೇಲೆ ಕುಳಿತೆ. ಆಗ ನಿಧಾನವಾಗಿ ಹೇಳತೊಡಗಿದಳು. ಹುಲ್ಲಗುಡ್ಡ ಬಿಟ್ಟ ಮೇಲೆ ಮೂರು ಕಡೆ ಗುಡಿಸಲು ಹಾಕಿದರಂತೆ. ಒಂದು ಕಡೆ ಊರವರು ಎಬ್ಬಿಸಿದರು, ಒಂದು ಕಡೆ ಪೊಲೀಸರು, ಇನ್ನೊಂದು ಕಡೆ ಹೊಳೆಯ ನೀರು. ಆಲಮೇಲದ ಹತ್ತಿರ ಹಾದಿಯ ಮೇಲಿದ್ದಾಗ ಅವಳ ಮೊಮ್ಮಗಳು, ರಾಮಪ್ಪನ ಮಗಳು, ಜ್ವರ ಬಂದು ಎರಡು ದಿನದಲ್ಲಿ ತೀರಿಕೊಂಡಳು. ಹೂಳಲು ಜಾಗ ಕೊಡುವವರಿಲ್ಲದೆ ಹೊಳೆಯ ದಂಡೆಯಲ್ಲಿ ಮಣ್ಣು ಮಾಡಿದರು. ಇದನ್ನು ಹೇಳುವಾಗ ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋದವು. ತಪ್ಪಾತು ಯವ್ವಾ, ಕ್ಷಮಾ ಮಾಡು ಎಂದೆ. ಅಷ್ಟೇ ಬಂತು.

"ಕ್ಷಮಾ ಮಾಡೂದು ದೊಡ್ಡದಲ್ರಿ," ಎಂದಳು ದುರ್ಗವ್ವ. "ಅದರ ಮ್ಯಾಲ ಗುಡಸಲಾ ಹಾಕಾಕ ಬರ್ತೈತೇನು?"

ನನ್ನ ಜೀವನದಲ್ಲಿ ನಾನು ಚರ್ಚಿನಲ್ಲಿ ಪಾದ್ರಿಗಳು ಮಾಡುವ ಬಹಳ ಪ್ರಸಂಗಗಳನ್ನು ಕೇಳಿದ್ದೇನೆ. ಆ ಒಂದು ಮಾತಿನಷ್ಟು ಒಳಗೆ ಇಳಿದ ಪ್ರಸಂಗ ಇನ್ನೊಂದಿಲ್ಲ. ನಾನು ಹೋದದ್ದು ನನ್ನ ಎದೆ ಹಗುರ ಮಾಡಿಕೊಳ್ಳಲು. ಅವಳಿಗೆ ಬೇಕಾದದ್ದು ನೆಲ.

ಅಲ್ಲಿಂದ ನೇರ ಕುಲಕರ್ಣಿಯವರ ಮನೆಗೆ ಹೋದೆ. ಅವರು ಅಂದು ಉಪವಾಸ. ಪೂರ್ತಿ ಕೇಳಿ, ಎದ್ದು ಒಂದು ಹೊಸ ಕಾಗದ ತೆಗೆದರು. ಹುಲ್ಲಗುಡ್ಡದಲ್ಲಿ ಗಿಡ ಹಚ್ಚುವುದು ವಿಫಲವಾಗಿದೆ, ಕಾರಣ ನಮ್ಮ ಅಜ್ಞಾನ ಎಂದೇ ಮೊದಲ ಸಾಲು ಬರೆದರು. ಹುಲ್ಲನ್ನೇ ಕಾಯಬೇಕು, ಕಾಯಲು ಆ ಗುಡ್ಡ ಬಲ್ಲ ಜನ ಬೇಕು, ಅವರನ್ನು ಕಾವಲುಗಾರರನ್ನಾಗಿ ತೆಗೆದುಕೊಳ್ಳಬೇಕು, ಗುಡ್ಡದ ಬುಡದ ಸರಕಾರಿ ಜಾಗದಲ್ಲಿ ಮನೆ ಕಟ್ಟಿಕೊಳ್ಳಲು ನಿವೇಶನ ಕೊಡಬೇಕು ಎಂದು ಮುಂದುವರಿಸಿದರು. ಆ ಕಾಗದ ಎರಡು ವರ್ಷ ತಿರುಗಿತು. ಮೂರು ಸಲ ವಾಪಸ್ ಬಂತು. ಪ್ರತಿ ಸಲ ಅವರು ಒಂದೇ ಒಂದು ಶಬ್ದವನ್ನೂ ಬದಲಿಸದೆ ಮತ್ತೆ ಕಳಿಸಿದರು. ನಾನು ರಜೆ ಹಾಕಿ ಕಚೇರಿಯಿಂದ ಕಚೇರಿಗೆ ಅದರ ಹಿಂದೆ ಓಡಾಡಿದೆ. ಗುಮಾಸ್ತರು ನನ್ನನ್ನು ಶಿಕಾರಿ ಪಾದ್ರಿ ಎಂದು ಕರೆಯತೊಡಗಿದ್ದರು. ಮೊದಲು ನಾಚಿಕೆಯಾಗುತ್ತಿತ್ತು, ಆಮೇಲೆ ರೂಢಿಯಾಯಿತು.

ಸರಕಾರದ ಒಪ್ಪಿಗೆ ಬಂದ ಮೇಲೆ ಗುಡ್ಡದ ಬುಡದ ಊರಿನ ಹಿರಿಯರು ಅಡ್ಡ ನಿಂತರು. ಕಳ್ಳತನದ ಅಂಜಿಕೆ ಅವರಿಗೆ. ಕುಲಕರ್ಣಿಯವರು ಚಾವಡಿಗೆ ಹೋಗಿ, ಎಲ್ಲರ ನಡುವೆ ಕುಳಿತು, ನಿಮ್ಮ ಊರಿನಲ್ಲಿ ಒಂದು ಕೋಳಿ ಕಾಣೆಯಾದರೂ ಅವರನ್ನು ಕೇಳಬೇಡಿ, ನನ್ನನ್ನು ಕೇಳಿ ಎಂದರು. ಆ ಮನೆತನದ, ಆ ಮಡಿಯ ಮನುಷ್ಯ ಅಷ್ಟು ಜವಾಬುದಾರಿ ಹೊತ್ತಾಗ ಊರವರು ಒಪ್ಪಿದರು. ಮುಂದೆ ಕೋಳಿ ಕಾಣೆಯಾದದ್ದೂ ಇದೆ, ಅದು ತೋಳದ ಬಾಯಲ್ಲಿ ಸಿಕ್ಕದ್ದೂ ಇದೆ.

ಹತ್ತರಲ್ಲಿ ಒಂಬತ್ತು ಮನೆಯವರು ತಿರುಗಿ ಬಂದರು. ಹದಿನಾಲ್ಕರಲ್ಲಿ ಉಳಿದವರು ಸೊಲ್ಲಾಪುರದ ಕಡೆ ಚದುರಿಹೋಗಿದ್ದರು, ಎಷ್ಟು ಹುಡುಕಿದರೂ ಸಿಗಲಿಲ್ಲ. ಅವರ ಲೆಕ್ಕ ನನ್ನ ಮೇಲೆ ಹಾಗೆಯೇ ಇದೆ.

ಅಷ್ಟರಲ್ಲಿ ನನ್ನನ್ನೂ ಮುದ್ದೇಬಿಹಾಳಕ್ಕೆ ವಾಪಸ್ ಹಾಕಿದ್ದರು. ಕಾಡೆಂದರೇನು ಎಂಬುದನ್ನು ದುರ್ಗವ್ವ ನನಗೆ ಕಲಿಸಿದ್ದು ಆಮೇಲೆ. ಯಾವ ಹುಲ್ಲು ಚಿಗರಿಗೆ, ಯಾವುದು ಕೌಜುಗಕ್ಕೆ ಮೊಟ್ಟೆ ಇಡಲು, ತೋಳ ಯಾವ ಬಂಡೆಯ ಸಂದಿನಲ್ಲಿ ಮರಿ ಹಾಕುತ್ತದೆ, ಎಲ್ಲವನ್ನೂ ನಡೆದು ತೋರಿಸಿದಳು. ಒಂದು ದಿನ ನಾನು ದೊಡ್ಡ ಹೆಜ್ಜೆ ಹಾಕುತ್ತ ಅವಳಿಗಿಂತ ಮುಂದೆ ಹೋಗುತ್ತಿದ್ದಾಗ ಹಿಂದಿನಿಂದ ಅಂಗಿ ಹಿಡಿದು ಎಳೆದಳು. ನನ್ನ ಬೂಟಿನ ಮುಂದೆ ಒಂದು ಮೊಳ ದೂರದಲ್ಲಿ, ಬರಿ ನೆಲದ ಮೇಲೆ, ಹುಲ್ಲಿನ ಕಡ್ಡಿಯ ಹಾಸಿಗೆಯೂ ಇಲ್ಲದೆ, ಒಂದೇ ಒಂದು ಮೊಟ್ಟೆ ಇತ್ತು. ಎರೆಭೂತದ್ದು. ಮಣ್ಣಿನ ಬಣ್ಣವೇ ಅದಕ್ಕೆ. ನಾವು ಮೊದಲ ವರ್ಷ ಇಲ್ಲಿ ಎಷ್ಟು ಗುಂಡಿ ತೆಗೆಸಿದ್ದೆವೆಂದು ನನಗೆ ನೆನಪಾಯಿತು. ತಾಯಿಹಕ್ಕಿ ಮರಿಯನ್ನು ಕರೆದುಕೊಂಡು ಹೋಗುವ ತನಕ ಕಾವಲಿನ ಹೆಂಗಸರು ಆ ಕಡೆ ಒಂದು ದನವನ್ನೂ ಬಿಡಲಿಲ್ಲ.

ಅಂದಿನಿಂದ ನಮ್ಮ ಸೆಕ್ಷನ್ನಿನಲ್ಲಿ ಕೆಲಸದ ರೀತಿಯೇ ಬದಲಾಯಿತು. ಎಷ್ಟು ಗಿಡ ಹಚ್ಚಿದಿರಿ ಎಂದು ಮೇಲಿನವರು ಕೇಳಿದರೆ, ಹಚ್ಚಿಲ್ಲ, ಇದ್ದದ್ದನ್ನು ಕಾದಿದ್ದೇವೆ ಎಂದು ಬರೆಯುತ್ತಿದ್ದೆವು. ಕೆಲವರು ಸೋಮಾರಿಗಳೆಂದರು. ಮೂರನೆಯ ಮಳೆಗಾಲಕ್ಕೆ ಹುಲ್ಲು ಮೊಣಕಾಲು ಮುಟ್ಟಿತು. ಚಿಗರಿಗಳು ಬಾಗೇವಾಡಿ ಕಡೆಯಿಂದ ಒಂದೊಂದಾಗಿ ತಿರುಗಿದವು. ರಾಮಪ್ಪ ಕಾವಲುಗಾರನ ಪಟ್ಟಿ ತೋಳಿಗೆ ಕಟ್ಟಿಕೊಂಡು, ಒಂದು ಕಾಲಕ್ಕೆ ಉರುಳು ಹಾಕುತ್ತಿದ್ದ ಜಾಡಿನಲ್ಲೇ ಕೂತು ಬಂದೂಕಿನವರನ್ನು ಕಾಯುತ್ತಿದ್ದ. ಎರಡು ಸಲ ಜೀಪನ್ನು ಹಿಡಿಸಿಕೊಟ್ಟ. ಅಪ್ಪ ಒಮ್ಮೆ ಬಂದು ಗುಡ್ಡ ನೋಡಿದ. ತೋಟ ಚೆನ್ನಾಗಿದೆ ಎನ್ನಲಿಲ್ಲ. ದುರ್ಗವ್ವನನ್ನು ನೋಡಿ ಎರಡೂ ಕೈ ಮುಗಿದ.

ಹೊಸದಾಗಿ ಕೆಲಸಕ್ಕೆ ಬಂದ ನಿಮಗೆ ಹೇಳುವುದಿಷ್ಟು. ನಿಮ್ಮ ಕೈಗೂ ಒಂದು ದಿನ ಅರ್ಧ ಕಾಗದ ಬರುತ್ತದೆ. ಎಲ್ಲಿಗೆ ಹೋಗಬೇಕೆಂದು ಅದರಲ್ಲಿ ಬರೆದಿಲ್ಲವಾದರೆ, ಉಳಿದರ್ಧ ಕೇಳಿ ತರಿಸಿಕೊಳ್ಳಿ. ನಾನು ಕೇಳಲಿಲ್ಲ, ಒಂದು ಮಗು ಹೋಯಿತು. ಅದನ್ನು ಯಾವ ಹುಲ್ಲೂ ಮುಚ್ಚುವುದಿಲ್ಲ. ಆದರೂ ನನ್ನ ನೌಕರಿಯನ್ನು ನೆನೆದರೆ ಮನಸ್ಸಿನಲ್ಲಿ ತುಂಬಿ ಬರುವುದು ಕೃತಜ್ಞತೆಯೇ. ತಪ್ಪನ್ನು ಒಪ್ಪಿಕೊಂಡ ರೇಂಜರ್ ಸಿಕ್ಕರು, ಕೇಳಬೇಕಾದ ಪ್ರಶ್ನೆ ಕೇಳಿದ ಪಾದ್ರಿಗಳು ಸಿಕ್ಕರು, ಸುಮ್ಮನೆ ಕ್ಷಮಿಸದೆ ಕೆಲಸ ಹಚ್ಚಿದ ದುರ್ಗವ್ವ ಸಿಕ್ಕಳು. ಇಷ್ಟು ಜನ ಎಲ್ಲರಿಗೂ ಸಿಗುವುದಿಲ್ಲ.

ನಿವೇಶನದ ಹಕ್ಕುಪತ್ರಗಳು ಕೈಗೆ ಬಂದ ದಿನ ನಾನೇ ತೆಗೆದುಕೊಂಡು ಹೋಗಿದ್ದೆ. ದುರ್ಗವ್ವನಿಗೆ ಓದಲು ಬರುತ್ತಿರಲಿಲ್ಲ. ಏನೇನು ಬರೆದಿದೆಯೋ ಒಂದೂ ಬಿಡದೆ ಓದು ಎಂದಳು. ಹೆಸರು ಓದಿದೆ, ಅಳತೆ ಓದಿದೆ. ಕೊನೆಗೆ ಜಾಗದ ಚಕ್ಕುಬಂದಿ ಬಂತು. ಪಶ್ಚಿಮಕ್ಕೆ ಹಾದಿ, ಉತ್ತರಕ್ಕೆ ರಾಮಪ್ಪನ ನಿವೇಶನ, ದಕ್ಷಿಣಕ್ಕೆ ಹಳ್ಳ, ಪೂರ್ವಕ್ಕೆ ಸರಕಾರಿ ಅರಣ್ಯ. ಕೊನೆಯದನ್ನು ಮತ್ತೊಮ್ಮೆ ಓದಿಸಿದಳು. ಸರಕಾರಿ ಅರಣ್ಯ ಅಂದರೆ ನೀವೇ ಅಲ್ಲವೇನು ಎಂದು ಕೇಳಿದಳು. ಹೌದು ಎಂದೆ.

"ಅಂದ್ರ ನೀವು ನಮ್ಮ ಬಾಜೂ ಮನಿಯವ್ರಾದ್ರಿ," ಎಂದಳು. ಕಾಗದವನ್ನು ಮಡಚಿ ಸೆರಗಿನ ಒಳಗಿಟ್ಟುಕೊಂಡಳು. "ಇನ್ನ ಮ್ಯಾಲ ಸೀದಾ ಒಳಗ ನುಗ್ಗಬ್ಯಾಡ್ರಿ. ಕೂಗಿ ಬರ್ರಿ."

ಆಮೇಲೆ ನಾನು ಅಲ್ಲಿದ್ದಷ್ಟು ವರ್ಷ, ಖಾಕಿಯಲ್ಲಿ ಹೋದರೂ ಬಿಳಿ ಅಂಗಿಯಲ್ಲಿ ಹೋದರೂ, ಅವಳ ಅಂಗಳದ ಕಲ್ಲಿನ ಹತ್ತಿರ ನಿಂತು, ಬರಬಹುದೇನು ದುರ್ಗವ್ವಾ ಎಂದು ಕೂಗುತ್ತಿದ್ದೆ. ಒಳಗಿನಿಂದ ಬರ್ರಿ ಎಂಬ ಮಾತು ಬರುವ ತನಕ ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ.